ಸಾಕ್ಷಿ ದಿಬ್ಬದ ಜುಟ್ಟು

ಗರಸಿನ ಗುಂಡಿಗೆ ಇಳಿಯುವ ಮೊದಲು ಸಾಹೇಬರು ಬೂಟು ಕಳಚಿ, ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿ, ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಎದೆಯ ಮೇಲೆ ತೂಗಾಡುವ ಬೂಟಿನ ಜೋಡಿ. ಕೂಲಿಯಾಳುಗಳು ಮುಸಿಮುಸಿ ನಗುತ್ತಿದ್ದರು.

"ನಗ್ಲಿ ಮಾರಾಯ. ಕಾಲಿಗೆ ನೆಲ ತಾಗದಿದ್ರೆ ನಮ್ಗೆ ಎಂತ ಗೊತ್ತಾಗ್ತದೆ?" ಎನ್ನುತ್ತಿದ್ದರು ಸಾಹೇಬರು ನನಗೆ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಮೇಲಧಿಕಾರಿ, ನಾನು ಅಳತೆಯ ಸಹಾಯಕ. ಇಬ್ಬರೂ ಕಾಸರಗೋಡಿನ ಕಡೆಯವರು. ವಾರವಿಡೀ ಅವರು ನನಗೆ ಸಾರ್, ಭಾನುವಾರ ಮಾತ್ರ ಮಾವ, ಅವರ ಹೆಂಡತಿ ಅತ್ತೆ. ಅವರ ಮನೆಯಲ್ಲಿ ನೀರುದೋಸೆ ತಿಂದು, ಹೊಟ್ಟೆ ತುಂಬ ಕನ್ನಡ ಮಾತಾಡಿ ಬರುತ್ತಿದ್ದೆ. ಅವರ ಮಕ್ಕಳು ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದರು.

ರಸ್ತೆಗೆ ಗರಸು ತೆಗೆಯುವ ಗುತ್ತಿಗೆಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅಗೆದವರು ಗುಂಡಿಯನ್ನು ಬಾಯಿ ತೆರೆದ ಹಾಗೆಯೇ ಬಿಟ್ಟುಹೋದರೆ ಕೇಳುವವರಿರದ ಕಾಲ ಅದು. ಸಾಹೇಬರು ಕೇಳುತ್ತಿದ್ದರು. ಮೇಲಿನ ಕಪ್ಪುಮಣ್ಣನ್ನು ಬೇರೆ ರಾಶಿ ಹಾಕಬೇಕು, ಇಂತಿಷ್ಟೇ ಆಳಕ್ಕೆ ನಿಲ್ಲಿಸಬೇಕು, ಕೊನೆಗೆ ನೆಲ ಸಮ ಮಾಡಿ ಆ ಮಣ್ಣನ್ನೇ ಹೊದಿಸಬೇಕು ಎಂದು ಷರತ್ತು ಹಾಕಿಸುತ್ತಿದ್ದರು. "ಹಸುವಿನ ಹಾಲು ಕರಿ, ಕೆಚ್ಚಲು ಕೊಯ್ಬೇಡ" ಎಂಬ ಅವರ ಮಾತು ಗುತ್ತಿಗೆದಾರರಿಗೆಲ್ಲ ಬಾಯಿಪಾಠವಾಗಿತ್ತು.

ಅಳತೆಯ ಮರ್ಮವನ್ನು ಕಲಿಸಿದವರೂ ಅವರೇ. ಅಗೆಯುವಾಗ ಗುಂಡಿಯ ನಡುವೆ ಒಂದಿಷ್ಟು ನೆಲವನ್ನು ಮುಟ್ಟದೆ ಬಿಡುವುದು ಪದ್ಧತಿ. ನಾವು ಅದನ್ನು ಸಾಕ್ಷಿ ದಿಬ್ಬ ಎನ್ನುತ್ತಿದ್ದೆವು. ಅದರ ತಲೆಯೇ ಹಳೆಯ ನೆಲದ ಮಟ್ಟ. ಅಲ್ಲಿಂದ ಬುಡಕ್ಕೆ ಟೇಪು ಇಳಿಬಿಟ್ಟರೆ ಎಷ್ಟು ಆಳ ತೋಡಿದ್ದಾರೆಂದು ತಿಳಿಯುತ್ತದೆ. ಕಳ್ಳರು ಆಳ ಕಡಿಮೆ ಕಾಣಲೆಂದು ದಿಬ್ಬದ ತಲೆಯನ್ನೇ ಕಡಿದು, ಗಿಡ್ಡ ಮಾಡಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿಬಿಡುತ್ತಿದ್ದರು. ಇಳಿಜಾರಿನ ನೆಲದಲ್ಲಿ ಅದು ಸುಲಭಕ್ಕೆ ಗೊತ್ತಾಗದು.

"ಅಳೆಯುವ ಮೊದ್ಲು ಜುಟ್ಟು ಹಿಡಿದು ಎಳಿ. ಹಳೇ ಹುಲ್ಲಾದ್ರೆ ಬೇರು ಬಿಡೂದಿಲ್ಲ. ಅಂಟಿಸಿದ್ದಾದ್ರೆ ಟೊಪ್ಪಿ ಬಂದ ಹಾಗೆ ಕೈಗೆ ಬರ್ತದೆ," ಎಂದು ಹೇಳಿ ತಾವೇ ಎಳೆದು ತೋರಿಸಿದ್ದರು.

ಕಳಕ್ಕೂಟಂ ಹತ್ತಿರ ಒಬ್ಬ ವಿಧವೆಯ ಜಾಗದಲ್ಲಿ ಗುತ್ತಿಗೆಯ ಮಾತು ಶುರುವಾಯಿತು. ಗುಂಡಿ ತೋಡುವ ಜಾಗದ ಪಕ್ಕದಲ್ಲೇ ಆಕೆಯ ಮನೆ, ಬಾವಿ. ಕೆಲಸ ಮುಗಿದ ಮೇಲೆ ಅಲ್ಲಿ ತೆಂಗು, ಮರಗೆಣಸು ಹಾಕುವ ಆಸೆ ಆಕೆಗೆ. ಆದರೆ ಬಾವಿಯ ಭಯ. ತೀರಾ ಆಳಕ್ಕೆ ತೋಡಿದರೆ ಬಾವಿಯ ನೀರು ಗುಂಡಿಗೆ ಬಸಿದುಹೋಗುತ್ತದೆ. ಸಾಹೇಬರು ಆ ಬಾವಿಯ ನೀರನ್ನು ಬೊಗಸೆಯಲ್ಲಿ ಕುಡಿದು, "ಅಮ್ಮಾ, ಇದಕ್ಕೆ ಏನೂ ಆಗಲಿಕ್ಕಿಲ್ಲ. ನಾನಿದ್ದೇನಲ್ಲ" ಎಂದು ಮಲಯಾಳದಲ್ಲಿ ಹೇಳಿದರು. ಆ ಒಂದು ಮಾತಿನ ಮೇಲೆ ಆಕೆ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದಳು.

ಕೊನೆಯ ಅಳತೆಯ ದಿನ ಸಾಹೇಬರು ಗುತ್ತಿಗೆದಾರನ ಕಾರಿನಲ್ಲಿ ಬಂದರು. ಬೂಟು ಕಳಚಲಿಲ್ಲ, ಗುಂಡಿಗೆ ಇಳಿಯಲೂ ಇಲ್ಲ. ಮೇಲೆ ನಿಂತು, "ಬೇಗ ಅಳತೆ ಹಿಡಿ" ಎಂದರು. ನಾನು ಇಳಿದು ಅಭ್ಯಾಸದಂತೆ ದಿಬ್ಬದ ಜುಟ್ಟು ಎಳೆದೆ. ಹುಲ್ಲು ಇಡಿಯಾಗಿ ಕೈಗೆ ಬಂತು. ಕೆಳಗೆ ಗುದ್ದಲಿಯ ಹಸಿ ಗಾಯ. ನಗು ಬಂತು ನನಗೆ, ಕಳ್ಳನನ್ನು ಹಿಡಿದೆನೆಂಬ ಹುಮ್ಮಸ್ಸು. ಹುಲ್ಲನ್ನು ಎತ್ತಿ ಹಿಡಿದು, "ಸಾರ್, ಟೊಪ್ಪಿ!" ಎಂದು ಕೂಗಿದೆ.

ಅವರು ನಗಲಿಲ್ಲ. "ಅದನ್ನು ಅಲ್ಲೇ ಇಡು," ಎಂದರು.

"ಕಡಿದಿದ್ದಾರೆ ಸಾರ್. ಎಷ್ಟು ತೋಡಿದ್ದಾರೋ ದೇವರೇ ಬಲ್ಲ. ಕಪ್ಪುಮಣ್ಣಿನ ರಾಶಿಯೂ ಇಲ್ಲ."

"ಎಲ್ಲ ಸರಿ ಉಂಟು. ನೀನು ಬರಿ."

ನಾನು ಬರೆಯುವುದಿಲ್ಲ ಎಂದೆ. ಅವರು ಪೆನ್ನು ತೆಗೆದು ತಾವೇ ಬರೆದು, ಸಹಿ ಹಾಕಿ, ಅದೇ ಕಾರು ಹತ್ತಿದರು. ನಾನು ಬಸ್ಸಿನಲ್ಲಿ ವಾಪಸಾದೆ.

ಸ್ವಲ್ಪ ದಿನಕ್ಕೇ ಅವರು ಬಡ್ತಿ ಪಡೆದು ಎರ್ನಾಕುಲಕ್ಕೆ ಹೋದರು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ನಾನು ಕಂಡವನಲ್ಲ. ನನ್ನನ್ನು ಮಾತ್ರ ಹೊರಗಿನ ಕೆಲಸದಿಂದ ಬಿಡಿಸಿ ಟಪ್ಪಾಲಿನ ಮೇಜಿಗೆ ಕೂರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆದರೂ ಮೇಲಿನವರಿಗೆ ದೂರಿದೆ. ಉತ್ತರ ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಆ ಅಮ್ಮನ ಬಾವಿಯ ತಳ ಕಂಡಿತು. ನಾನು ಹೋದಾಗ ಆಕೆ ಕೊಡ ಹಿಡಿದು ನೆರೆಮನೆಗೆ ಹೊರಟಿದ್ದಳು. ನನ್ನನ್ನು ಬೈಯಲಿಲ್ಲ. "ಮಗನೇ, ಆ ಸಾರ್‌ಗೆ ಯಾರಾದರೂ ಹೇಳಿದರಾ? ಗೊತ್ತಾದರೆ ಬರುತ್ತಾರೆ ಅವರು," ಎಂದಳು. ಅವರಿಗೆ ಗೊತ್ತಿದೆ ಎನ್ನುವ ಬದಲು ನಾನು ಕೊಡ ಇಸಿದುಕೊಂಡು ಆಕೆಯ ಜೊತೆ ನೆರೆಮನೆಗೆ ನಡೆದೆ.

ಎಪ್ಪತ್ತರ ದಶಕದ ನಡುವೆ ಸಾಹೇಬರು ಹೃದಯಾಘಾತದಿಂದ ತೀರಿಕೊಂಡರು. ಹೋಗಬಾರದು ಎಂದುಕೊಂಡೇ ರೈಲು ಹತ್ತಿದೆ. ಅನ್ನದ ಋಣ, ವಿದ್ಯೆಯ ಋಣ ಎರಡೂ ಇತ್ತಲ್ಲ. ಮನೆಯಲ್ಲಿ ಅತ್ತೆ ನನ್ನನ್ನು ನೋಡಿದ್ದೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ನಿನ್ನ ಸುದ್ದಿ ಯಾವಾಗ್ಲೂ ಹೇಳ್ತಿದ್ರು ಮಾರಾಯ. 'ನಾನು ತಯಾರು ಮಾಡಿದವರಲ್ಲಿ ಅವ್ನೊಬ್ಬ ಗಟ್ಟಿ. ನನಗೇ ಬಗ್ಲಿಲ್ಲ' ಅಂತ. ಎಷ್ಟು ಹೆಮ್ಮೆ ಗೊತ್ತುಂಟಾ ಅವ್ರಿಗೆ!"

ನಾನು ತಲೆಯಾಡಿಸಿ ಎದ್ದು ಬಂದೆ. ಅಷ್ಟು ವರ್ಷ ನನಗೊಂದು ಸಮಾಧಾನವಿತ್ತು: ಮನುಷ್ಯ ಬದಲಾಗಿಬಿಟ್ಟರು, ಸರಿ ತಪ್ಪು ತಿಳಿಯದ ಹಾಗಾದರು ಎಂದು. ಅತ್ತೆ ಅದನ್ನೂ ಕಿತ್ತುಕೊಂಡರು. ಅವರು ಬದಲಾಗಿರಲೇ ಇಲ್ಲ. ಎಲ್ಲ ತಿಳಿದೇ ಸಹಿ ಹಾಕಿದ್ದರು.