ಮಗಳ ತಲೆಯ ಮೇಲಿಟ್ಟ ಆಣೆ

ಟಂಟಂ ಗಾಡಿಯೊಂದರ ಹಾರ್ನು, ತಿಳವಳ್ಳಿ ರಸ್ತೆಯಿಂದ ಆಸ್ಪತ್ರೆಯ ಗೇಟಿನವರೆಗೂ ಬಿಡುವಿಲ್ಲದೆ. ಆ ಸದ್ದು ಇಂದಿಗೂ ಕಿವಿಯಲ್ಲಿದೆ. ಲಾಕ್‌ಡೌನ್ ಮುಗಿದ ಮರುವರ್ಷ ಅದು. ನಾನು ಹಾನಗಲ್ಲ ತಾಲೂಕಿನ ಸಣ್ಣದೊಂದು ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿ. ರಿಟೈರ್‌ಮೆಂಟಿಗೆ ಹದಿನಾಲ್ಕು ತಿಂಗಳು ಬಾಕಿ.

ಮೂರು ದಿನಗಳ ಹಿಂದಷ್ಟೇ ಪಕ್ಕದ ಹಳ್ಳಿಗೆ ಹೋಗಿದ್ದೆ. ಮಹಿಳಾ ಸಂಘದವರು ಪಂಚಾಯ್ತಿಯಲ್ಲಿ ಠರಾವು ಮಾಡಿಸಿ, ಕಿರಾಣಿ ಅಂಗಡಿಗಳಲ್ಲಿ ಕದ್ದು ಮಾರುತ್ತಿದ್ದ ದಾರೂ ಬಂದ್ ಮಾಡಿಸಿದ್ದರು. ಅದರ ಬೆನ್ನಿಗೇ ಆಣೆ. ಹನ್ನೊಂದು ಗಂಡಸರು ಗುಡಿಯ ಮುಂದೆ ತಂತಮ್ಮ ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಇನ್ನು ನಿಶೆಯ ಪದಾರ್ಥ ಮುಟ್ಟುವುದಿಲ್ಲ ಎಂದರು. ಮುರಿದರೆ ಕೇಡು ಆ ಮಗುವಿಗೆ ಎಂಬುದು ಅಲ್ಲಿನ ನಂಬಿಕೆ. ಚೀಫ್ ಗೆಸ್ಟ್ ನಾನೇ. ಕಾನ್ವೆಂಟಿನ ಸಿಸ್ಟರುಗಳ ಮುಂದೆ ದಿನಾ ಪ್ಲೆಡ್ಜ್ ಹೇಳಿ ಬೆಳೆದವಳು. ಕಣ್ತುಂಬಿ ಚಪ್ಪಾಳೆ ತಟ್ಟಿದೆ. ಯಾರು ಎಷ್ಟು ಕುಡಿಯುತ್ತಾರೆಂದು ಕೇಳಲೇ ಇಲ್ಲ.

ಸಂಘದ ಮುಂದಾಳು ಗಿರಿಜವ್ವನ ಗಂಡ ಫಕ್ಕೀರಪ್ಪ, ಗೋವಿನಜೋಳ ಒಕ್ಕುವ ಮಷಿನ್ನಿನ ಡ್ರೈವರ್, ಮಗಳ ತಲೆ ಮುಟ್ಟಿ ಆಣೆ ಮಾಡಿ, ಗುಡಿಯ ಕಟ್ಟೆಯ ಮೇಲಿಂದಲೇ ಕೇಳಿದ: "ಡಾಕ್ಟರ್ ಬಾಯಾರ, ಕೆಮ್ಮಿನ ಔಷಧಾನೂ ಬಿಡಬೇಕೇನ್ರಿ?"

"ನಿಮ್ಮ ಕೆಮ್ಮು ಎಂಥಾದ್ದಂತ ಊರಿಗೇ ಗೊತ್ತೈತಿ, ಸುಮ್ನ ಇಳೀರಿ," ಅಂದಳು ಗಿರಿಜವ್ವ. ಎಲ್ಲರೂ ನಕ್ಕೆವು.

ಈಗ ಟಂಟಂನಿಂದ ಇಳಿಸಿದ್ದು ಅವನನ್ನೇ. ಬೆವರು, ಜ್ವರ, ಮೈಯೆಲ್ಲ ನಡುಕ. ಇಲ್ಲದ ಹುಳುಗಳನ್ನು ತೋಳಿನಿಂದ ಕೊಡವುತ್ತಿದ್ದ. ವರ್ಷಗಟ್ಟಲೆ ಮುಂಜಾನೆಯಿಂದಲೇ ಕುಡಿದವರು ಒಮ್ಮೆಲೇ ಬಿಟ್ಟರೆ ಮೆದುಳು ಹೀಗೆ ಕೆರಳಬಹುದು. ವಿತ್‌ಡ್ರಾಯಲ್ ಎನ್ನುತ್ತೇವೆ, ಜೀವವೇ ಹೋದೀತು. ಲೊರಾಜೆಪಾಮ್ ಇಂಜೆಕ್ಷನ್ ತುಂಬಿಕೊಂಡು ಬಂದೆ. ಗಿರಿಜವ್ವ ನನ್ನ ಮುಂಗೈ ಹಿಡಿದಳು.

"ಇದು ನಿಶೆ ಬರಸ್ತೈತೇನ್ರಿ?"

ಸುಳ್ಳು ಹೇಳಬಹುದಿತ್ತು. "ಸ್ವಲ್ಪ ಬರಸ್ತೈತಿ. ದಿನಾ ಕಡಿಮಿ ಮಾಡಿ ಬಿಡಿಸ್ತೇನಿ."

"ಹಂಗಾದ್ರ ಬ್ಯಾಡ. ಮಗಳ ತಲಿ ಮ್ಯಾಲ ಕೈ ಇಟ್ಟಾರ್ರಿ!"

"ಕೊಡದಿದ್ರ ಸಂಜೀತನಕ ಉಳೀತಾರಂತ ನಾ ಹೇಳಲಾರೆ, ಗಿರಿಜವ್ವ."

ಆಕೆ ಮಗಳು ನಿಂತಿದ್ದ ಬಾಗಿಲ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಆ ಆಣೆಗೆ ಚಪ್ಪಾಳೆ ತಟ್ಟಿದವಳಲ್ಲವೇ ನಾನು? ಕೊನೆಗೆ ಆಕೆ ಅವನ ನಡುಗುವ ಕೈಯನ್ನು ಎರಡೂ ಕೈಯಿಂದ ಎತ್ತಿ ತನ್ನ ನೆತ್ತಿಗೆ ಒತ್ತಿಕೊಂಡಳು.

"ಆ ಆಣಿ ಇನ್ನ ನನ್ನ ತಲಿ ಮ್ಯಾಲ. ಏನಾಗೂದೈತಿ ನನಗ ಆಗ್ಲಿ. ಚುಚ್ರಿ, ಬಾಯಾರ."

ಐದನೆಯ ದಿನ ಫಕ್ಕೀರಪ್ಪ ನಡೆದುಕೊಂಡು ಮನೆಗೆ ಹೋದ. ಉಳಿದ ಹತ್ತು ಮನೆಗಳಿಗೆ ನಾನು ಅವನನ್ನು ಕರೆತಂದ ದಿನ ಸಂಜೆಯೇ ಓಡಿದ್ದೆ. ಇಬ್ಬರ ಕೈ ಆಗಲೇ ನಡುಗುತ್ತಿತ್ತು. ದಾರೂ ಬಂದ್ ಮಾಡಿಸುವ ಪಾಲಿಸಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬಂದ್ ಮಾಡುವ ಮೊದಲೇ ಚಿಕಿತ್ಸೆ ಸಿದ್ಧವಿರಬೇಕು, ದಟ್ಸ್ ಆಲ್. ಇಷ್ಟನ್ನು ಕಲಿಯಲು ನನಗೆ ಇಡೀ ಸರ್ವಿಸ್ ಬೇಕಾಯಿತು.

ಗಿರಿಜವ್ವನನ್ನು ಕೊನೆಯ ಬಾರಿ ಕಂಡದ್ದು ನಾನು ಚಾರ್ಜ್ ಒಪ್ಪಿಸಿದ ವಾರ. ರಟ್ಟೀಹಳ್ಳಿ ಕಡೆಯ ಊರೊಂದು ಆಣೆ ಹಾಕಿಸಲು ಆಕೆಯನ್ನು ಕರೆದಿತ್ತು. ಬಸ್ಸಿನ ಅವಸರ, ನಿಂತುಕೊಂಡೇ ಆ ಊರಿನವರ ಐದು ಹೆಸರಿನ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು.

"ಇವ್ರು ಎದ್ದ ಕೂಡ್ಲೇ ಕುಡಿಯೋ ಮಂದಿರಿ. ಆಣಿ ಆಮ್ಯಾಲ ಹಾಕಸ್ತೇನಿ. ಮೊದಲ ಹಾಸಿಗಿ ಕೊಡ್ರಿ."