ಹಡಗಿನ ಗೋಡೆಯೊಳಗೆ ಉರುಳಿಹೋದ ಲಿಂಗ

ಹಳೆಯ ಹಡಗು ಒಳಗೆ ಹೇಗಿರುತ್ತದೆ ಎಂದು ಹೊಸಪೇಟೆಯಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ. ಕೂತಲ್ಲಿ ಕೂರಲಾರದವರು ಹತ್ತಬೇಡಿ ಎನ್ನುತ್ತೇನೆ. ನಾನೇ ಅಂಥವಳು. ಅಕ್ಕಿ ಆರಿಸಲು ಕೂತರೂ ನಡುವೆ ಎದ್ದು ಬಾಗಿಲ ತನಕ ಹೋಗಿ ಬರದಿದ್ದರೆ ನನಗೆ ಜೀವ ನಿಲ್ಲುವುದಿಲ್ಲ.

ಅದಿರಿನ ಸುಗ್ಗಿಯ ಕಾಲವದು. ನಮ್ಮವರ ಲಾರಿಗಳು ಸಂಡೂರಿನಿಂದ ಅದಿರು ಹೊರುತ್ತಿದ್ದವು. ಅದಿರು ಕೊಳ್ಳುವ ವ್ಯಾಪಾರಿಯೊಬ್ಬರು ಖುಷಿಗೆ ಲಾರಿ ಮಾಲೀಕರ ಮನೆಯವರನ್ನೆಲ್ಲ ಗೋವಾದಿಂದ ಹಡಗು ಹತ್ತಿಸಿದರು. "ತೇಲೋ ಅರಮನಿ ನೋಡ್ರಿ" ಎಂದು ನಮ್ಮವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಕಂಪ್ಲಿಯಲ್ಲಿ ಹುಟ್ಟಿ ಬೆಳೆದ ನನ್ನ ಅತ್ತೆ ಅದುವರೆಗೆ ಹತ್ತಿದ್ದು ಹೊಳೆ ದಾಟಿಸುವ ಹರಿಗೋಲು ಮಾತ್ರ.

ಅರಮನೆಗೆ ವಯಸ್ಸಾಗಿತ್ತು. ನೆಲಹಾಸು ಸವೆದು ಅಲ್ಲಲ್ಲಿ ತೇಪೆ ಹಾಕಿದ್ದರು. ಓಡಾಡುವ ದಾರಿ ಎಷ್ಟು ಕಿರಿದೆಂದರೆ, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಕೋಣೆಯಲ್ಲಿ ಮಂಚ, ಮೇಜು ಎಲ್ಲವನ್ನೂ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಊಟದ ತಟ್ಟೆಯಷ್ಟು ದುಂಡು ಕಿಟಕಿ, ಅದೂ ತೆರೆಯದು. ಪಾಯಿಖಾನೆಯ ಗುಂಡಿ ಒತ್ತಿದರೆ ಗೂಳಿ ಗುಟುರು ಹಾಕಿದಂಥ ಸದ್ದು. ಅತ್ತೆ ಮೊದಲ ಸಲ ಸೆರಗು ಹಿಡಿದುಕೊಂಡು ಹೊರಗೆ ಓಡಿಬಂದಿದ್ದರು. ಇಂಜಿನ್ನಿನ ನಡುಕವಂತೂ ಹಾಸಿಗೆಯಲ್ಲೂ ಇತ್ತು, ಬಾಯಲ್ಲಿಟ್ಟ ಚಮಚದಲ್ಲೂ ಇತ್ತು. ಹತ್ತಿದ ಕೂಡಲೇ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ, ಅಪಾಯ ಬಂದರೆ ಎಲ್ಲಿ ಸಾಲಾಗಿ ನಿಲ್ಲಬೇಕೆಂದು ತೋರಿಸಿದರು. ಅದಾದ ಮೇಲೆ ನನಗೆ ಕಾಲು ನಿಲ್ಲಲಿಲ್ಲ. ನಮ್ಮವರ ಪಾಡೂ ಅದೇ. ದಡ ದೂರವಾಗಿ ಫೋನು ಸತ್ತಿತ್ತು. ಲಾರಿಗಳು ಓಡುತ್ತಿವೆಯೋ ನಿಂತಿವೆಯೋ ತಿಳಿಯದೆ, ಫೋನನ್ನು ಮೇಲೆತ್ತಿ ಹಿಡಿದು ಡೆಕ್ಕಿನ ತುಂಬ ತಿರುಗುತ್ತಿದ್ದರು.

ಅತ್ತೆಯೊಬ್ಬರೇ ತಣ್ಣಗಿದ್ದರು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಆ ಪೂಜೆ ಮುಗಿಯದೆ ಅವರು ತೊಟ್ಟು ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಕಣ್ಣು ಮುಚ್ಚಿದ್ದರು. ಹಡಗು ಒಮ್ಮೆಲೇ ವಾಲಿತು. ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದು, ಉರುಳಿ, ಮಂಚದ ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಕಿಂಡಿಯಲ್ಲಿ ಮರೆಯಾಯಿತು. ಕಿಂಡಿಯ ಮುಚ್ಚಳ ಯಾವ ಕಾಲಕ್ಕೆ ಕಿತ್ತುಹೋಗಿತ್ತೋ!

ಅತ್ತೆ ಕೂಗಲಿಲ್ಲ. ಬರಿದಾದ ಅಂಗೈಯನ್ನು ಹಾಗೇ ಚಾಚಿಕೊಂಡು ಕೂತರು. ಹಡಗು ಮತ್ತೆ ವಾಲಿದಾಗ ಗೋಡೆಯೊಳಗೆ ಟಕ್ ಎಂದಿತು. ಆ ಕಡೆ ವಾಲಿದರೆ ಆ ಕಡೆ ಟಕ್, ಈ ಕಡೆ ವಾಲಿದರೆ ಈ ಕಡೆ. ನಮ್ಮವರು ಟಾರ್ಚು ಬಿಟ್ಟು ನೋಡಿದರು, ಏನೂ ಕಾಣಲಿಲ್ಲ.

"ಅವ್ವ, ಊರಿಗೆ ಹೋದಕೂಡ್ಲೆ ಸ್ವಾಮಿಗಳ ಕಡಿಂದ ಬ್ಯಾರೆ ಲಿಂಗ ಕಟ್ಟಿಸ್ಕೊಂಡ್ರಾತು. ಈಗ ಎಲ್ಡು ತುತ್ತು ತಿನ್ನು. ನಿನಗ ಸಕ್ರಿ ಕಾಯಿಲಿ ಐತಿ" ಎಂದರು.

"ಬ್ಯಾರೆ ಯಾಕಪ? ಅದು ಇಲ್ಲೇ ಐತಲ್ಲ. ಕೇಳಸವಲ್ದೇನು?" ಎಂದರು ಅತ್ತೆ.

ನಾನು ಹಡಗಿನ ಕಚೇರಿಯ ಕೌಂಟರಿಗೆ ಓಡಿದೆ. ನನ್ನ ಹಿಂದಿ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಲಿತದ್ದು, ಜಗಳಕ್ಕೆ ಚೆನ್ನಾಗಿ ಒದಗುತ್ತದೆ. ಅಲ್ಲಿದ್ದ ಅಧಿಕಾರಿ ಯಾವುದೋ ಒಡವೆ ಕಳೆದಿದೆ ಎಂದುಕೊಂಡು, ನಾಳೆ ದಡ ಮುಟ್ಟಿದ ಮೇಲೆ ಗೋಡೆ ಬಿಚ್ಚಿಸೋಣ ಎಂದ. ನಾಳೆಯ ತನಕ ಮುದುಕಿ ನೀರಿಲ್ಲದೆ ಇದ್ದು ಏನಾದರೂ ಆದರೆ ನೀನು ಹೊಣೆಯೇನು ಎಂದು ಮೇಜು ಗುದ್ದಿದೆ. ಹಿಂದೆ ನಿಂತವರೆಲ್ಲ ನೋಡಿದರು. ನೋಡಲಿ. ಮತ್ತೆ ಮತ್ತೆ ಹೋಗಿ ನಿಂತೆ. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಅತ್ತೆ ಉಪವಾಸವಿರುವಾಗ ಉಣ್ಣಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ತುಟಿ ಒಣಗಿ ಬಿರಿದಿತ್ತು. ನಿಜಕ್ಕೂ ಹೆದರಿದೆ.

ಕೊನೆಗೆ ಹಡಗಿನ ಬಡಗಿ ಬಂದು ಗೋಡೆಯ ಹಲಗೆ ಬಿಚ್ಚಿದ. ಒಳಗೆ ಪೈಪುಗಳು, ಕತ್ತಲೆ. ಅವನು ಕೈ ಹಾಕಲು ಹೋದ. "ಮುಟ್ಟಬ್ಯಾಡಪ್ಪ" ಎಂದು ಅತ್ತೆ ಕೈ ಅಡ್ಡ ಮಾಡಿದರು. ನಮ್ಮವರು ಅಂಗಿಯ ತೋಳು ಮಡಚಿ ಬಗ್ಗಿದರು.

"ನಿನ್ನ ಕೊಳ್ಳಾಗ ಲಿಂಗ ಐತೇನು?" ಎಂದರು ಅತ್ತೆ.

ನಮ್ಮವರು ಮಡಚಿದ ತೋಳು ಇಳಿಸಿ ಹಿಂದೆ ಸರಿದರು. ಲಾರಿ ದಂಧೆಗೆ ಇಳಿದ ಮೇಲೆ ಅವರ ಲಿಂಗ ದೇವರ ಕೋಣೆಯಲ್ಲೇ ಉಳಿದಿತ್ತು. ನನ್ನ ಕೊರಳಲ್ಲಿ ಇತ್ತು, ಭಕ್ತಿಗಿಂತ ಹೆಚ್ಚಾಗಿ ಅತ್ತೆಯ ಕಣ್ಣಿಗೆ ಹೆದರಿ. ಅತ್ತೆ ನನ್ನನ್ನು ನೋಡಿದರು. ಮದುವೆಯಾಗಿ ಬಂದಾಗಿನಿಂದ ತಮ್ಮ ಪೂಜೆಯ ತಂಬಿಗೆಯನ್ನೂ ನನಗೆ ಮುಟ್ಟಗೊಡದವರು.

"ನೀ ತಗಿ" ಎಂದರು.

ನೆಲಕ್ಕೆ ಒರಗಿ ಭುಜದವರೆಗೆ ಕೈ ಇಳಿಸಿದೆ. ಪೈಪು ಬಿಸಿಯಿತ್ತು, ಮೊಣಕೈ ಚುರುಕ್ಕೆಂದಿತು. ತಡಕಾಡಿದಷ್ಟೂ ಲಿಂಗ ದೂರ ಸರಿಯುತ್ತಿತ್ತು. ಆಮೇಲೆ ಹೊಳೆಯಿತು, ಹುಡುಕಬಾರದು. ಅಂಗೈ ತೆರೆದು ಇಟ್ಟು ಸುಮ್ಮನೆ ಮಲಗಿದೆ. ಕೈ ಹಿಂದೆಗೆದುಕೊಳ್ಳಲು ಮೈಯೆಲ್ಲ ಚಡಪಡಿಸುತ್ತಿತ್ತು. ಹಲ್ಲು ಕಚ್ಚಿ ಕಾದೆ. ಹಡಗು ವಾಲಿತು. ನುಣುಪಾದ, ಬೆಚ್ಚನೆಯ ಲಿಂಗ ಉರುಳಿ ಬಂದು ನನ್ನ ಅಂಗೈಯಲ್ಲಿ ನಿಂತಿತು.

ಅತ್ತೆ ಅದನ್ನು ತೊಳೆದು, ಅವಸರವಿಲ್ಲದೆ ಪೂಜೆ ಮುಗಿಸಿದರು. ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕರಡಿಗೆ ಮುಚ್ಚಿ, ಲೋಟ ಇಸಿದುಕೊಂಡು, ಕುಡಿಯದೆ ಹೇಳಿದರು:

"ನಾ ಸತ್ತಮ್ಯಾಗ ಇದನ್ನ ನನ್ನ ಕೈಯಾಗಿಟ್ಟು ಮಣ್ಣು ಮಾಡ್ತಾರ. ಇಡಾಕಿ ನೀನ. ಮಗನ ಕೈಲೆ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ನಮ್ಮವರು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು. ನನಗೆ ಸಿಟ್ಟು ಬಂತು.

"ಮೊದ್ಲ ನೀರು ಕುಡೀರಿ ಅತ್ತಿ!" ಎಂದು ಗದರಿದೆ.

ಅತ್ತೆಯನ್ನು ಗದರಿದ್ದು ಅದೇ ಮೊದಲು. ಅವರು ಲೋಟ ಎತ್ತಿ, ಒಂದು ಹನಿ ಉಳಿಸದೆ ಕುಡಿದರು.