ಅಮ್ಮ ಹೇಳದ ಆಮೆನ್

ನಮ್ಮಪ್ಪ ದೈವಭಕ್ತ. ಭದ್ರಾವತಿಯ ಕಾರ್ಖಾನೆ ಲೈನಿನ ಮನೆಗಳಲ್ಲಿ ಯಾರನ್ನು ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದರು. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತುತ್ತಿರಲಿಲ್ಲ. ಎತ್ತುವ ಅಗತ್ಯವೇ ಅವನಿಗೆ ಬೀಳಲಿಲ್ಲ, ಕೈ ಮುಗಿದೇ ಎಲ್ಲವನ್ನೂ ಸಾಧಿಸುತ್ತಿದ್ದ.

ಬೆಳಿಗ್ಗೆ ಗಂಜಿಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಚಾಪೆಯ ಮೇಲೆ ಮೊಣಕಾಲೂರಬೇಕು. ಅಪ್ಪ ಸತ್ಯವೇದ ಓದಿ ಪ್ರಾರ್ಥನೆ ಮುಗಿಸಿದ ಮೇಲೆ ಒಬ್ಬೊಬ್ಬರೇ ಗಟ್ಟಿಯಾಗಿ ಆಮೆನ್ ಅನ್ನಬೇಕು. ಮೊದಲು ನಾನು, ಆಮೇಲೆ ಐದು ವರ್ಷದ ತಂಗಿ, ಕೊನೆಗೆ ಅಮ್ಮ. ಎಲ್ಲರ ಆಮೆನ್ ಕೇಳಿಸುವವರೆಗೆ ತಟ್ಟೆ ಇಡುವಂತಿಲ್ಲ. ಸಾರಿನ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಅಪ್ಪ ಯುದ್ಧಕ್ಕೆ ಹೋದ ಸಿಪಾಯಿಗಳನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. ಆದರೂ ಆಗ ನನಗೆ ಅದು ಇಷ್ಟವೇ ಆಗಿತ್ತು, ಅದರಲ್ಲೂ ಕೊನೆಗೆ ಬರುತ್ತಿದ್ದ ಅಮ್ಮನ ದನಿ.

ಆ ವರ್ಷ ತೊಟ್ಟಿಲಲ್ಲಿದ್ದ ತಮ್ಮನಿಗೆ ಚಳಿಜ್ವರ ಬಂತು. ಆಸ್ಪತ್ರೆಯ ಔಷಧಿ ಕುಡಿಸಿದರೂ ಇಳಿಯಲಿಲ್ಲ. ಕುಂಸಿಯಿಂದ ಅಮ್ಮನ ತಾಯಿ ಬಂದಳು. ಆಕೆ ನಮ್ಮ ಮತಕ್ಕೆ ಸೇರಿದವಳಲ್ಲ. ಹೋಗುವಾಗ ಕೂಸಿನ ಸೊಂಟಕ್ಕೆ ಒಂದು ಕರಿದಾರ ಕಟ್ಟಿ, "ಇರ್ಲಿ ಬಿಡೇ, ದೃಷ್ಟಿಗೆ" ಅಂದಳು. ಅಮ್ಮ ಬೇಡ ಅನ್ನಲಿಲ್ಲ. ಸಂಜೆ ಅಪ್ಪ ಅದನ್ನು ನೋಡಿದ. ಬೈಯಲಿಲ್ಲ, ಕೂಗಲಿಲ್ಲ. ದಾರ ಕತ್ತರಿಸಿ ದೀಪದ ಉರಿಗೆ ಹಿಡಿದ, ಅದು ಸುಟ್ಟು ಬೂದಿಯಾಗುವವರೆಗೆ ನಾವೆಲ್ಲ ನೋಡಬೇಕಾಯಿತು. ವಾರದೊಳಗೆ ತಮ್ಮ ತೀರಿಹೋದ.

ಮಣ್ಣು ಮಾಡಿ ಬಂದ ಸಂಜೆಯೂ ಚಾಪೆ ಹಾಸಲಾಯಿತು. ಅಪ್ಪ ಕಣ್ಣು ಮುಚ್ಚಿ, "ಕರ್ತನೇ, ಈ ಮನೆಯ ಅವಿಶ್ವಾಸಕ್ಕೆ ನೀನು ಕೊಟ್ಟ ಶಿಕ್ಷೆಗಾಗಿ ನಿನಗೆ ಸ್ತೋತ್ರ" ಅಂದ. ನಾನು ಆಮೆನ್ ಅಂದೆ. ತಂಗಿ ಆಮೆನ್ ಅಂದಳು. ಅಮ್ಮ ಸುಮ್ಮನಿದ್ದಳು.

"ಏನೇ?" ಅಂದ ಅಪ್ಪ.

"ಆ ಮಾತಿಗೆ ನಾನು ಆಮೆನ್ ಅನ್ನಲ್ಲರೀ. ಕೂಸು ಜ್ವರಕ್ಕೆ ಹೋಯ್ತು. ಯಾರ ಶಿಕ್ಷೆಗೂ ಅಲ್ಲ."

"ಹಂಗಾದ್ರೆ ದೇವರು ನಿನ್ನ ಬಾಯಿ ತೆರೆಸೋವರೆಗೂ ಈ ಮನೇಲಿ ಉಪವಾಸ."

ಅಪ್ಪ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ತಾನೂ ತಿನ್ನಲಿಲ್ಲ, ಅದನ್ನು ಒಪ್ಪಬೇಕು. ನ್ಯಾಯಸ್ಥ! ಬೆಳಿಗ್ಗೆ ಅದೇ ಪ್ರಾರ್ಥನೆ, ಅದೇ ಮೌನ. ಕೆಲಸಕ್ಕೆ ಹೊರಡುವ ಮುಂಚೆ ನಮ್ಮಿಬ್ಬರನ್ನು ಹತ್ತಿರ ಕೂರಿಸಿಕೊಂಡು, ಎಂದೂ ಇಲ್ಲದ ಪ್ರೀತಿಯಿಂದ, "ಯಾರಾದ್ರೂ ಉಪವಾಸ ಮುರಿದ್ರೆ ನಿಮ್ಮ ತಮ್ಮನ್ನ ಸ್ವರ್ಗದ ಒಳಗೆ ಬಿಡಲ್ಲ. ಪಾಪ, ಬಾಗಿಲಲ್ಲೇ ಅಳ್ತಾ ನಿಂತಿರ್ತಾನೆ" ಅಂದ. ಇಂಥ ಮಾತು ಹೇಳಿದ ಬಾಯಿಗೆ ಹುಳ ಬೀಳಲಿ ಎಂದು ಇವತ್ತಿಗೂ ಅನ್ನಿಸುತ್ತದೆ. ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಆದರೂ ಅನ್ನಿಸುತ್ತದೆ.

ಬೀಗ ಹಾಕಿದ್ದಕ್ಕೆ ಅಮ್ಮ ಹೆದರಲಿಲ್ಲ. ಪಕ್ಕದ ಮನೆಯ ತಮಿಳಿನಾಕೆಯಿಂದ ಇಡ್ಲಿ ಇಸಿದುಕೊಂಡು ಬಂದಳು. ನಾನು ತಿಂದೆ, ಹೊಟ್ಟೆ ಕೇಳಲಿಲ್ಲ. ತಂಗಿ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಅಮ್ಮ ಗೋಗರೆದಳು, ಗದರಿದಳು, ಬಲವಂತವಾಗಿ ತುರುಕಲು ನೋಡಿದಳು. ತಂಗಿ ಉಗಿದುಬಿಟ್ಟಳು. "ತಮ್ಮ ಅಳ್ತಾನೆ" ಅಂದಳು. ಸಂಜೆಯ ಹೊತ್ತಿಗೆ ಗೋಡೆಗೆ ಒರಗಿ ಕೂತವಳಿಗೆ ಕತ್ತು ನಿಲ್ಲುತ್ತಿರಲಿಲ್ಲ. ನೀರು ಕುಡಿಸಿದರೆ ಅದನ್ನೂ ಕಾರಿಕೊಂಡಳು.

ಅಪ್ಪ ಬಂದ. ಚಾಪೆ ಹಾಸಿದ. ಅದೇ ಸ್ತೋತ್ರ, ಒಂದಕ್ಷರ ಬದಲಿಲ್ಲ. ನಾನು ಆಮೆನ್ ಅಂದೆ. ತಂಗಿಯ ಆಮೆನ್ ಗಂಟಲಿಂದ ಹೊರಗೆ ಬರುವುದೇ ಕಷ್ಟವಾಯಿತು. ಆಮೇಲೆ ಅವಳು ತೆವಳಿಕೊಂಡು ಅಮ್ಮನ ತೊಡೆ ಏರಿ, ಬೆರಳಿನಿಂದ ಅಮ್ಮನ ತುಟಿ ಬಿಡಿಸಲು ನೋಡಿದಳು.

"ಅನ್ನು ಅಮ್ಮಾ. ಒಂದೇ ಒಂದ್ಸಲ ಅನ್ನು."

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪನ ಕಣ್ಣು ಮುಚ್ಚಿಯೇ ಇತ್ತು.

"ಆಮೆನ್" ಅಂದಳು.

ಅಪ್ಪ ಎದ್ದು ಬೀಗ ತೆಗೆದ. ಅಮ್ಮ ಗಂಜಿ ಕಾಯಿಸಿ ತಂಗಿಗೆ ಚಮಚದಲ್ಲಿ ಕುಡಿಸಿದಳು, ನಮಗೆಲ್ಲ ಬಡಿಸಿದಳು. ಅಪ್ಪ ಉಪ್ಪಿನಕಾಯಿ ಕೇಳಿದ, ಅದನ್ನೂ ಹಾಕಿದಳು.

ಭಾನುವಾರ ರೈಲು ಹತ್ತಿ ಶಿವಮೊಗ್ಗದ ಚರ್ಚಿಗೆ ಹೋದೆವು. ಆರಾಧನೆಯ ನಡುವೆ ಅಪ್ಪ ಸಾಕ್ಷಿ ಹೇಳಲು ಎದ್ದ. ಮಗನನ್ನು ಕಳೆದುಕೊಂಡು ಕಲ್ಲಾಗಿದ್ದ ಹೆಂಡತಿಯ ಹೃದಯವನ್ನು ಉಪವಾಸ ಪ್ರಾರ್ಥನೆಯಿಂದ ದೇವರು ಹೇಗೆ ಕರಗಿಸಿದ ಎಂದು ವಿವರಿಸಿದ. ಬೀಗದ ಸುದ್ದಿ ಬರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಅಮ್ಮನ ಹತ್ತಿರ ಬಂದು, "ನಿಮ್ಮದು ಮಾದರಿ ಕುಟುಂಬ ಕಣಮ್ಮಾ" ಅಂದರು. ಅಷ್ಟರಲ್ಲಿ ತಂಗಿ ನುಗ್ಗಿ ಬಂದಳು. ಮುಖ ಅರಳಿತ್ತು.

"ಅಯ್ಯನೋರೇ, ಅಮ್ಮನ ಕೈಲಿ ಆಮೆನ್ ಅನ್ನಿಸಿದ್ದು ನಾನೇ. ಈಗ ನನ್ನ ತಮ್ಮ ಒಳಗೆ ಹೋದ, ಅಲ್ವಾ?"

ಅಯ್ಯನವರು ಅರ್ಥವಾಗದೆ ಅಮ್ಮನ ಮುಖ ನೋಡಿದರು. ಅಮ್ಮ ತಂಗಿಯ ತಲೆ ಸವರಿ, "ಹೌದು ಪುಟ್ಟಾ, ಹೋದ" ಅಂದಳು.